ಫಿನ್ಲೆಂಡಿನವನಿಗೆ ಕೊಟ್ಟ ಕಾಕಾನ ಬದುಕು

‘ನಿಮ್ಮ ಮನೆತನದಾಗ ಬಿ.ಎ. ಆಗಾವರು ಇನ್ನೂ ಹುಟ್ಟಬೇಕು’ ಎಂದವನು ಟಿಕೋಟಾದ ನನ್ನ ಸೋದರಮಾವ. ನಾನು ಆಗಲೇ ಹುಟ್ಟಿದ್ದೆ, ಅವನ ಎದುರಿಗೇ ನಿಂತಿದ್ದೆ. ಬಿ.ಎ. ಆದೆ — ಆ ಹೆಮ್ಮೆ ಇವತ್ತಿಗೂ ಇಳಿದಿಲ್ಲ. ಆದರೆ ಕಾಲೇಜಿನಲ್ಲಿದ್ದಾಗ ನಾನೊಂದು ಕಳವು ಮಾಡಿದೆ. ನನ್ನನ್ನು ಓದಿಸಿದ ಕಾಕಾನ ಬದುಕನ್ನು ಕದ್ದು, ಹಿಂದಿನ ಶತಮಾನದ ಫಿನ್ಲೆಂಡಿನ ಒಬ್ಬನಿಗೆ ಕೊಟ್ಟುಬಿಟ್ಟೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮಿಲಿಟರಿಯಲ್ಲಿ ಸರ್ವೇ ಕೆಲಸ ಮಾಡಿದವನು — ಗುಡ್ಡ ಹತ್ತುವುದು, ಸರಪಳಿ ಎಳೆಯುವುದು, ನಕಾಶೆಗೆ ಅಳತೆ ಕೊಡುವುದು. ಪೆನ್ಷನ್ ಮೇಲೆ ಬಬಲೇಶ್ವರಕ್ಕೆ ಮರಳಿ ಪಂಚಾಯಿತಿಗೆ ಆರಿಸಿ ಬಂದ. ಓದಲೆಂದೇ ನಾನು ಅವನ ಮನೆಯಲ್ಲಿದ್ದೆ. ಹೊಲದ ಬದುವಿನ ಜಗಳವೆಂದರೆ ದೂರದ ಕನಮಡಿಯಿಂದಲೂ ಅವನನ್ನು ಕರೆಯಲು ಬರುತ್ತಿದ್ದರು. ಅಳತೆ ಮುಗಿದರೂ ಗೆರೆ ಎಲ್ಲಿ ಬಿತ್ತೆಂದು ಅವನು ಬಾಯಿ ಬಿಡುತ್ತಿರಲಿಲ್ಲ. ಮೊದಲು ಎರಡೂ ಮನೆಯ ಬುತ್ತಿಗಳು ಅದಲುಬದಲಾಗಬೇಕು. ಇವರ ರೊಟ್ಟಿ ಅವರು, ಅವರ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇವರು, ಜಗಳದ ಬದುವಿನ ಮೇಲೆಯೇ ಕೂತು ಉಣ್ಣಬೇಕು. ಆಮೇಲೆ ಕಲ್ಲು ನೆಡುವುದು. ಎದುರಾಳಿಯ ಮನೆಯ ಉಪ್ಪು ಬಾಯಲ್ಲಿರುವಾಗ ಕೊಡಲಿ ಎತ್ತುವವರು ಕಡಿಮೆ.

ವಿಜಾಪುರದ ಕಾಲೇಜಿನಲ್ಲಿ ಭಾಷಣ ಸ್ಪರ್ಧೆ ಬಂತು. ಕೆಲವು ದಿನ ಮೊದಲೇ ಚೀಟಿ ಎತ್ತಿ ವಿಷಯ ಕೊಡುತ್ತಿದ್ದರು. ನನಗೆ ಬಂದವನು — ಸೈನ್ಯದಲ್ಲಿ ಭೂಮಾಪಕನಾಗಿದ್ದು, ಆಮೇಲೆ ರಾಜಕಾರಣಿಯಾದ ಆ ಫಿನ್ಲೆಂಡಿನವನು. ಲೈಬ್ರರಿಯ ಪುಸ್ತಕದಲ್ಲಿ ಅವನ ಬಗ್ಗೆ ಇದ್ದದ್ದು ಇಷ್ಟೇ: ನೆಲ ಅಳೆದ, ದೇಶದ ಆಡಳಿತಕ್ಕೆ ಬಂದ. ಇಷ್ಟು ಹೇಳಿ ಕೆಳಗಿಳಿದರೆ — ಮುಂದಿನ ಸಾಲಿನಲ್ಲಿ ಸ್ಟೇಷನ್ ರಸ್ತೆಯ ಅಂಗಡಿಯವರ ಮಕ್ಕಳು, ನಾನೋ ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು...

ವೇದಿಕೆ ಹತ್ತಿ ಕಾಕಾನನ್ನೇ ಹೇಳುತ್ತಾ ಹೋದೆ. ಗುಡ್ಡ, ಸರಪಳಿ, ಬದು, ಬುತ್ತಿ. ರೊಟ್ಟಿಯನ್ನು ಎಚ್ಚರದಿಂದ ಬ್ರೆಡ್ ಮಾಡಿದೆ. ಶೇಂಗಾ ಹಿಂಡಿ ಮಾತ್ರ ಹಾಗೆಯೇ ಬಾಯಿಂದ ಹೊರಟಿತು. ಯಾರೂ ನಗಲಿಲ್ಲ — ಅದನ್ನು ದಿನಾ ಉಣ್ಣದವರು ಆ ಸಭೆಯಲ್ಲಿ ಯಾರಿದ್ದರು? ಚಪ್ಪಾಳೆಯೋ ಚಪ್ಪಾಳೆ. ಪ್ರಾಧ್ಯಾಪಕರು ಬೆರಗಾಗಿ, ಇದೆಲ್ಲ ಎಲ್ಲಿ ಸಿಕ್ಕಿತೆಂದು ಕೇಳಿದರು. ನನ್ನ ಭಾಷಣ ಕೇಳಲೆಂದು ಬಂದ ಕಾಕಾ ತಲೆಗೆ ಪಟಗಾ ಸುತ್ತಿಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದ. ಅವನತ್ತ ಬೆರಳು ತೋರಿಸಿದ್ದರೆ ಸಾಕಿತ್ತು. ಆದರೆ ಅವನ ದೋತರ, ಅವನ ಕೆಸರಿನ ಚಪ್ಪಲಿ — ನಾಚಿದೆ.

‘ಪುಸ್ತಕದಾಗ ಓದೇನ್ರಿ ಸರ್’ ಎಂದೆ.

ಮೊದಲ ಬಹುಮಾನ ಬಂತು. ಬಸ್ಸಿನಲ್ಲಿ ಕಾಕಾನ ಮುಖ ನೋಡಲು ಹೆದರಿ ಕಿಟಕಿಯ ಕಡೆ ತಿರುಗಿದ್ದೆ. ಅವನು ಕಂಡಕ್ಟರನನ್ನು ಹಿಡಿದು ಹೇಳುತ್ತಿದ್ದ: ‘ನೋಡ್ರಿ, ನಾ ಮಾಡಾಕತ್ತಿದ್ದನ್ನ ಫಿನ್ಲೆಂಡದಾಂವ ಮೊದಲ ಮಾಡಿಬಿಟ್ಟಾನ. ಅಲ್ಲೂ ಶೇಂಗಾ ಹಿಂಡಿ ತಿಂತಾರಂತ.’

ನಂಬಿಬಿಟ್ಟಿದ್ದ! ಅವತ್ತಿನಿಂದ ಅವನ ಅಳತೆಗೆ ಯಾರು ಅಡ್ಡ ಮಾತಾಡಿದರೂ ಫಿನ್ಲೆಂಡ್ ಮುಂದೆ ಬರುತ್ತಿತ್ತು. ಅವನ ಹೆಂಡತಿ ಕಾಕು ರೊಟ್ಟಿ ಬಡಿಯುತ್ತಲೇ ಚುಡಾಯಿಸುತ್ತಿದ್ದಳು: ‘ನಿಮ್ಮ ಫಿನ್ಲೆಂಡದ ಅಣ್ಣಗ ಒಂದು ಪಟಗಾ ಕಳಸ್ರಿ, ಭಾಳ ಥಂಡಿ ದೇಶ ಅಂತ.’ ಮನೆಯೆಲ್ಲ ನಗುತ್ತಿತ್ತು, ನಾನೂ ನಗುತ್ತಿದ್ದೆ. ಅವನ ಖುಷಿ ಕೆಡಿಸಬಾರದೆಂದು ಸುಮ್ಮನಿದ್ದೇನೆ ಎಂದುಕೊಂಡೆ — ಅದೂ ಸುಳ್ಳು. ನನಗೆ ಭಯ, ಅಷ್ಟೇ. ಆ ಕಾಲೇಜಿನ ಸಭೆಗೆ ಇವತ್ತಿನವರೆಗೂ ನಿಜ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ: ಆ ಭಾಷಣದ ಮನುಷ್ಯ ನನ್ನ ಕಾಕಾ.

ಅವನಿಗೆ ಹೇಳಿದ್ದು ಪದವಿಯ ಪ್ರಮಾಣಪತ್ರ ಬಂದ ದಿನ. ಕಟ್ಟೆಯ ಮೇಲೆ ಕೂತಿದ್ದ. ಬುತ್ತಿ ಬಿಚ್ಚಿಸಿದವನು ಫಿನ್ಲೆಂಡಿನವನಲ್ಲ, ನೀನು. ನೀನು ನಮ್ಮವನೆಂದು ಹೇಳಲು ನಾಚಿದೆ — ಇಷ್ಟನ್ನೂ ಹೇಳಿದೆ. ಅವನ ನಗು ನಿಂತಿತು. ಪ್ರಮಾಣಪತ್ರವನ್ನು ಅವನ ಕೈಗಿಟ್ಟೆ. ನನ್ನ ಹೆಸರಿನ ಕೆಳಗೆ ಬೆರಳಾಡಿಸುತ್ತಾ ನಿಧಾನ ಓದಿದ. ಆಮೇಲೆ ತಲೆಯೆತ್ತಿ ಕೇಳಿದ:

‘ಹಂಗಾರ ಆ ಮನಶ್ಯಾ ಖರೇವಂದ್ರ ಏನ್ ಮಾಡಿದ್ದ, ಯವ್ವಾ? ಪಾಪ, ಇಷ್ಟ ದಿನ ಅವನ ಹೆಸರಿನ್ಯಾಗ ಬರೇ ನಂದ ಬಡಾಯಿ ಕೊಚ್ಚಿದೆ. ಈಗ ನೀ ಕಲ್ತಾಕಿ ಆದಿ. ಹುಡುಕಿ ಓದು, ಓದಿ ನನಗ ಹೇಳು.’