ಪೆಟ್ರೋಲ್ ನಾತದ ಬೇಸಿಗೆ

ಮೋಟಾರು ಇನ್ನೂ ಊರ ಅಗಸಿಯ ಹತ್ತಿರ ಇರುವಾಗಲೇ ಅಡುಗೆಮನೆಯಲ್ಲಿದ್ದ ಹೆಂಗಸರಿಗೆ ಅದರ ನಾತ ಗೊತ್ತಾಗುತ್ತಿದ್ದ ಕಾಲ ಒಂದಿತ್ತು. ನಮ್ಮ ಲಿಂಗಸುಗೂರಿನಲ್ಲಿ ಆಗ ಸಂಜೆಗೆ ಒಲೆಯ ಹೊಗೆ, ಎಮ್ಮೆಯ ಗಂಜಲ, ಸುಟ್ಟ ಮೆಣಸಿನಕಾಯಿ, ಇಷ್ಟೇ ವಾಸನೆಗಳು. ಅದರ ನಡುವೆ ಪೆಟ್ರೋಲು ಬಂದರೆ ದೊಡ್ಡ ಮನುಷ್ಯರು ಬಂದಂತೆ. ನಾವು ಮಕ್ಕಳು ಆಟ ಬಿಟ್ಟು ಓಡಿ, ಬಸ್ಸಿನ ಹಿಂದೆ ನಿಂತು, ಮೂಗು ಅರಳಿಸಿ ಎಳೆದುಕೊಳ್ಳುತ್ತಿದ್ದೆವು. ನನಗಂತೂ ಅದು ಅತ್ತರಿಗಿಂತ ಹೆಚ್ಚು. ನನ್ನ ವಯಸ್ಸಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಹೌದಲ್ಲ ಎಂದು ತಲೆಯಾಡಿಸಿಯಾರು.

ನಿಜಾಮರ ರಾಜ್ಯ ಅದು. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತಂತೆ. ನಮ್ಮ ಮನೆಗೆ ಆ ಯುದ್ಧ ಬಂದದ್ದು ಪೆಟ್ರೋಲಿನ ದಾರಿಯಲ್ಲಿ. ಪರವಾನಿಗೆ ಇಲ್ಲದೆ ಒಂದು ಹನಿಯೂ ಸಿಗುತ್ತಿರಲಿಲ್ಲ. ಯಾರಾದರೂ ಕಳ್ಳದಾರಿಯಲ್ಲಿ ಮಾರಿದ್ದು ಪೊಲೀಸು ಅಮೀನ ಸಾಹೇಬರಿಗೆ ತಿಳಿದರೆ ಪರವಾನಿಗೆಯೂ ಹೋಯಿತು, ಮರ್ಯಾದೆಯೂ ಹೋಯಿತು.

ನಮ್ಮಪ್ಪನದು ಒಂದು ಬಸ್ಸಿತ್ತು. ಬಸ್ಸು ಎಂದೆನೆಂದು ಏನೇನೋ ಕಲ್ಪಿಸಿಕೊಳ್ಳಬೇಡಿ. ಮುದಿ ಲಾರಿಯೊಂದರ ಬೆನ್ನ ಮೇಲೆ ಊರಿನ ಬಡಿಗ ಕಟ್ಟಿದ ಕಟ್ಟಿಗೆಯ ಪೆಟ್ಟಿಗೆ ಅದು. ಕಿಟಕಿಗೆ ಗಾಜಿಲ್ಲ, ಗೋಣಿತಟ್ಟಿನ ಪರದೆ. ಮುಂಜಾನೆ ಲಿಂಗಸುಗೂರು ಬಿಟ್ಟು, ಮಸ್ಕಿಯ ಮೇಲೆ ಹಾಯ್ದು, ಸಿಂಧನೂರು ಮುಟ್ಟಿ, ಸಂಜೆಗೆ ಏದುಸಿರು ಬಿಡುತ್ತ ತಿರುಗಿ ಬರುತ್ತಿತ್ತು. ಕಾಲುವೆ ಬರುವ ಮೊದಲಿನ ಸಿಂಧನೂರು. ದಾರಿಯ ಎರಡೂ ಬದಿಗೆ ಕರಿನೆಲ, ಜೋಳದ ಕೊಯ್ಲು ಮುಗಿದ ಮೇಲೆ ಕಣ್ಣು ಹಾಯಿಸಿದಷ್ಟು ದೂರ ಬರೀ ಬಿಸಿಲು. ಡ್ರೈವರ್ ಕೂಡುವ ಮೆತ್ತೆಯ ಕೆಳಗೇ ಪೆಟ್ರೋಲಿನ ಟಾಕಿ. ಮೆತ್ತೆ ಎತ್ತಿ, ಹಿತ್ತಾಳೆಯ ಮುಚ್ಚಳ ತಿರುವಿ, ಲಾಳಿಕೆ ಇಟ್ಟು ತಗಡಿನ ಡಬ್ಬಿಯಿಂದ ಸುರಿಯಬೇಕು.

ಆ ಬಸ್ಸನ್ನು ನಡೆಸುತ್ತಿದ್ದವನು ಮೈಬೂಸಾಬ. ನಮಗೆ ಮೈಬೂಕಾಕಾ. ನಾನು ಹುಟ್ಟುವ ಮೊದಲಿನಿಂದ ಅಪ್ಪನ ಹತ್ತಿರ ಇದ್ದವನು. ದಿನಾ ಮುಂಜಾನೆ ನಮ್ಮ ಕಟ್ಟೆಗೆ ಬಂದು ಕೂತರೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಿಸಿರೊಟ್ಟಿಯ ಮೇಲೆ ಪುಂಡಿಪಲ್ಯ, ಶೇಂಗಾಹಿಂಡಿ ಇಟ್ಟು ಕೈಗೆ ಕೊಡುವಳು. ಅವನು ತಿಂದು ಮುಗಿಸುವವರೆಗೆ ಊರಿನ ಸುದ್ದಿಯೆಲ್ಲ ಕೇಳುವಳು. ಆಯಿಯ ಬಾಯಿ ಜೋರು, ಕೈ ಅದಕ್ಕಿಂತ ಧಾರಾಳ. ಇಬ್ಬರೂ ತಾಯಿ ಮಗನ ಹಾಗೆ ಜಗಳಾಡುತ್ತಿದ್ದರು.

ಆ ವರ್ಷದ ಯುಗಾದಿ ಅಮಾವಾಸ್ಯೆಗೆ ಆಯಿ ಒಂದು ಹೊಸ ಪದ್ಧತಿ ಶುರುಮಾಡಿದಳು. ಅದುವರೆಗೆ ಬಸ್ಸಿನ ಗಾಲಿಗೆ, ಮೂತಿಗೆ ಮಾತ್ರ ಅರಿಷಿಣ ಕುಂಕುಮ. ಈ ಸಲ "ಅದು ಉಣ್ಣೂ ಬಾಯಿಗೆ ಯಾರೂ ಪೂಜಿ ಮಾಡೂದಿಲ್ಲಲ್ಲ" ಎಂದು ಟಾಕಿಯ ಹಿತ್ತಾಳೆ ಮುಚ್ಚಳವನ್ನೇ ಬಿಚ್ಚಿಸಿ ತರಿಸಿದಳು. ದೇವರ ದೀಪದ ಸಮೆ, ಗಂಟೆಗಳ ಜೊತೆ ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿದಳು. ತಿಕ್ಕಿ ತೊಳೆದು ಬೆಳಕಿಗೆ ಹಿಡಿದಾಗ ಕಂಡಿತು, ನಟ್ಟನಡುವೆ ಸೂಜಿಮೊನೆಯಷ್ಟು ತೂತು.

"ಅಯ್ಯ ಶಿವನೇ, ತೂತು ಬಿದ್ದ ಸಾಮಾನು ಪೂಜಿಗೆ ಇಡಾಕ ಬರತೈತೇನ?" ಎಂದು ಆಯಿ ಗಾಬರಿಯಾದಳು. ಮುಕ್ಕಾದ ಕೊಡ, ಸೀಳಿದ ತಾಟು ನಮ್ಮ ಮನೆಯಲ್ಲಿ ದೇವರ ಮುಂದೆ ಬರುವ ಹಾಗಿರಲಿಲ್ಲ. ಕುಡುಗೋಲಿನ ಹಿಡಿ ಕೂಡಿಸಲು ಇಟ್ಟಿದ್ದ ಅರಗು ಇತ್ತು. ಅದನ್ನು ದೀಪಕ್ಕೆ ಹಿಡಿದು ಕರಗಿಸಿ, ತೂತಿನ ಮೇಲೆ ಒಂದು ಹನಿ ಬಿಟ್ಟು, ಹೆಬ್ಬೆರಳಿನಿಂದ ಒತ್ತಿದಳು. ಅದರ ಮೇಲೆ ಅರಿಷಿಣ, ಕುಂಕುಮ, ವಿಭೂತಿ. ಮುಚ್ಚಳ ಮದುಮಗಳಂತೆ ತಿರುಗಿ ಹೋಗಿ ಟಾಕಿಯ ಮೇಲೆ ಕೂತಿತು.

ಮರುದಿನವೇ ಮೈಬೂಕಾಕಾ ಕಟ್ಟೆಯ ಹತ್ತಿರ ನಿಂತು ಕೆಮ್ಮಿದ.

"ಅವ್ವಾರ, ಆ ಮುಚ್ಚಳದ ಮ್ಯಾಲ ಮೆತ್ತೀರಲ್ರಿ, ಅದನ್ನ ಒಂಚೂರು..."

ಆಯಿ ಹಿಂದಿನ ದಿನದ ಉಪವಾಸ, ದಣಿವಿನಲ್ಲಿದ್ದಳು. ಪೂರ್ತಿ ಕೇಳಲೇ ಇಲ್ಲ. "ಪೂಜಿ ಮಾಡಿದ್ದನ್ನ ಕೆರದು ತೆಗಿ ಅಂತೀಯೇನ? ನಮ್ಮ ಅರಿಷಿಣ ಕುಂಕುಮ ನಿನ್ನ ಕಣ್ಣಿಗೆ ಚುಚ್ಚಾಕತ್ತೈತೇನೋ?" ಎಂದುಬಿಟ್ಟಳು.

ಅವನ ಮುಖ ಸಣ್ಣದಾಯಿತು. "ಇಲ್ರಿ ಅವ್ವಾರ, ಹಂಗ್ಯಾಕಂತೀರಿ" ಎಂದು ರೊಟ್ಟಿ ತಿನ್ನದೆಯೇ ಹೋದ. ಆ ಮಾತಿನ ಮುಳ್ಳು ಎಲ್ಲಿ ನೆಟ್ಟಿತು ಎಂಬುದು ಆಯಿಗೂ ತಿಳಿಯಲಿಲ್ಲ, ನನಗಂತೂ ತಿಳಿಯುವ ವಯಸ್ಸೇ ಅಲ್ಲ.

ಆ ಬೇಸಿಗೆಯಿಡೀ ಬಸ್ಸು ನಾರಿತು. ಪೆಟ್ರೋಲು ತುಂಬಿದ ದಿನ ನಾತ ಹೆಚ್ಚು. ಮಸ್ಕಿ ಬರುವಷ್ಟರಲ್ಲಿ ಗಂಟಲಿಗೆ ಇಳಿದು ಕೂಡುತ್ತಿತ್ತು. ಟಾಕಿ ಅರ್ಧವಾದ ಮೇಲೆ ತಾನೇ ಕಡಿಮೆ. ಬಸುರಿ ಹೆಂಗಸರು ಕಿಟಕಿಯಿಂದ ಹೊರಗೆ ವಾಂತಿ ಮಾಡಿಕೊಂಡರು. ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿಯುವ ಒಬ್ಬ ಗಟ್ಟಿಗ, "ಗಣಿಯೊಳಗರ ಉಸುರು ಬರತೈತಿ, ಈ ಗಾಡಿಯೊಳಗ ಬರೂದಿಲ್ಲ" ಎಂದು ಅರ್ಧ ದಾರಿಯಲ್ಲಿ ಇಳಿದು ನಡೆದೇ ಹೋದನಂತೆ. ಮೈಬೂಕಾಕಾ ಬಸ್ಸಿನಲ್ಲಿ ಬೀಡಿ ಬಂದುಮಾಡಿದ, ಊದುಬತ್ತಿಯನ್ನೂ ಹಚ್ಚಗೊಡಲಿಲ್ಲ.

ಅಪ್ಪ ಏನು ಮಾಡಲಿಲ್ಲ? ಮುಚ್ಚಳದ ಒಳಗಿನ ತೊಗಲಿನ ಬಿಲ್ಲೆ ಬದಲಿಸಿದ. ಟಾಕಿಯ ಸುತ್ತ ಬೆರಳಾಡಿಸಿ ಸೋರುವ ಜಾಗ ಹುಡುಕಿದ. ಸೋರಿದ್ದು ನೆಲದಲ್ಲಿ ಉಳಿದಿರಬಹುದೆಂದು ಹಲಗೆಯನ್ನೆಲ್ಲ ಸೀಗೆಪುಡಿ ಹಾಕಿ ತೊಳೆಸಿದ. ಆಯಿ ಬೇವಿನ ತೊಪ್ಪಲು ಕಟ್ಟಿಸಿದಳು. ಈಗ ಬೇವು, ಪೆಟ್ರೋಲು ಎರಡೂ ಸೇರಿ ನಾರತೊಡಗಿದವು. ಮುಚ್ಚಳದ ಮೇಲಿನ ಕುಂಕುಮವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಪೂಜೆಯದು ಅಲ್ಲವೇ?

ಇನ್ನೊಂದು ತೊಂದರೆಯೂ ಶುರುವಾಯಿತು. ಮಸ್ಕಿಯ ಹಳ್ಳ ದಾಟಿದ ಮೇಲೆ ಬಸ್ಸು ಕೆಮ್ಮಿ ಕೆಮ್ಮಿ ನಿಲ್ಲುವುದು. ಮೈಬೂಕಾಕಾ ಜನರನ್ನೆಲ್ಲ ಇಳಿಸಿ, ಮೆತ್ತೆ ಎತ್ತಿ, ಮುಚ್ಚಳ ತೆರೆದು ಹಾಕುವನು. ಬಸ್ಸು ಮತ್ತೆ ಹೊರಡುವುದು. ನೋಡಿದವರು ಸುಮ್ಮನಿರಬೇಕಲ್ಲ. ಒಬ್ಬ ವ್ಯಾಪಾರಿ ಅಪ್ಪನ ಕಿವಿಯಲ್ಲಿ ಊದಿದ: "ಸಾವ್ಕಾರ್ರ, ನಿಮ್ಮ ಡ್ರೈವರ ಮಂದೀನ ಇಳಿಸಿ ಟಾಕಿ ಬಿಚ್ಚತಾನ. ಗಾಡಿಯಾಗ ನಾತ ಯಾಕ ಬರತೈತಿ ವಿಚಾರ ಮಾಡ್ರಿ. ಎಲ್ಲ್ಯೋ ಡಬ್ಬಿ ಮುಚ್ಚಿಟ್ಟಾನ."

ಪೆಟ್ರೋಲು ಕಡಿಮೆ ಬೀಳುತ್ತಿದ್ದದ್ದೂ ನಿಜ. ಅಪ್ಪ ಕೆಟ್ಟವನಲ್ಲ, ಹೆದರಿದ್ದ. ಅಮೀನರ ಕಿವಿಗೆ ಬಿದ್ದರೆ ತಾನೇ ಮಾರಿಸಿದನೆಂದು ಪರವಾನಿಗೆ ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆ. ಮೈಬೂಕಾಕಾನನ್ನು ಅಂಗಳದಲ್ಲಿ ನಿಲ್ಲಿಸಿ, ಓಣಿಯ ಮಂದಿಯ ಎದುರೇ ಕೇಳಿದ.

"ದಾರಿಯಾಗ ಟಾಕಿ ಯಾಕ ಬಿಚ್ಚತೀದಿ?"

"ಉಸುರು ಕಟ್ಟತೈತ್ರಿ ಗಾಡಿಗೆ. ಬಿಡಸ್ತೀನ್ರಿ."

"ಯಾಕ ಕಟ್ಟತೈತಿ?"

ಮೈಬೂಕಾಕಾ ಹೊಸ್ತಿಲಲ್ಲಿ ನಿಂತಿದ್ದ ಆಯಿಯ ಕಡೆ ಒಮ್ಮೆ ನೋಡಿದ. ಆಮೇಲೆ ತನ್ನ ಕಾಲು ನೋಡಿಕೊಂಡ. "ಏನೋ ರಿ."

"ಹಂಗಾದ್ರ ಅಲಾಯಿ ದೇವರ ಕಟ್ಟಿಗೆ ನಡಿ. ಮುಟ್ಟಿ ಆಣಿ ಮಾಡು, ಕದ್ದಿಲ್ಲ ಅಂತ."

ನಮ್ಮ ಕಡೆ ಹಿಂದೂ ಮುಸಲ್ಮಾನರೆನ್ನದೆ ಎಲ್ಲರೂ ಮೊಹರಮ್ಮಿನ ಅಲಾಯಿ ದೇವರಿಗೆ ನಡೆದುಕೊಳ್ಳುವವರೇ. ಆ ಕಟ್ಟೆ ಮುಟ್ಟಿ ಸುಳ್ಳು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೈಬೂಕಾಕಾನ ಕಣ್ಣು ತುಂಬಿದವು.

"ಇಷ್ಟು ವರ್ಷ ನಿಮ್ಮನಿ ಅನ್ನ ಉಂಡೀನ್ರಿ. ಈಗ ಆಣಿ ಮಾಡಿ ಸಾಬೀತು ಮಾಡೂದಿಲ್ರಿ. ತೆಗೀತೀನಂದ್ರ ತೆಗೀರಿ."

ಆಣೆ ಮಾಡದವನು ಕಳ್ಳನೇ ಎಂದು ಓಣಿ ತೀರ್ಪು ಕೊಟ್ಟಿತು. ಬೇರೆ ಡ್ರೈವರ್ ಸಿಕ್ಕಿರಲಿಲ್ಲವಾದ್ದರಿಂದ ಮರುದಿನದ್ದು ಅವನ ಕೊನೆಯ ಸರದಿ, ಆಮೇಲೆ ತನ್ನ ಮೇಲೆ ಅನುಮಾನ ಬರುವ ಮೊದಲು ಅಪ್ಪನೇ ಅವನನ್ನು ಅಮೀನರ ಮುಂದೆ ಒಪ್ಪಿಸುವುದು ಎಂದಾಯಿತು. ಮರುದಿನ ಆಯಿ ಸಿಂಧನೂರಿಗೆ ಹೊರಟಿದ್ದಳು, ತನ್ನ ತಂಗಿಯ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆ. ಜೊತೆಗೆ ನಾನು. "ಅವ್ವಾ, ನೀ ಮುಂದ ಕೂಡು. ಅವ ಏನು ಮಾಡತಾನ ಕಣ್ಣಿಟ್ಟು ನೋಡು" ಎಂದು ಅಪ್ಪ ಹೇಳಿ ಕಳಿಸಿದ.

ಹೀಗೆ ಆಯಿ ಸಾಕ್ಷಿಯಾಗಿ ಮುಂದೆ ಕೂತಳು. ಟಾಕಿ ತುಂಬಿಸಿದ ಮುಂಜಾನೆ ಅದು. ಬಿಸಿಲು ಏರಿದಂತೆ ನಾತವೂ ಏರಿತು. ಆಯಿ ಸೆರಗು ಮೂಗಿಗೆ ಹಿಡಿದು, ನನಗೊಂದು ಉಳ್ಳಾಗಡ್ಡಿ ಮೂಸಲು ಕೊಟ್ಟಳು. ಅದುವರೆಗೆ ಅತ್ತರೆಂದುಕೊಂಡಿದ್ದ ಪೆಟ್ರೋಲನ್ನು ತಾಳಲಾರದೆ ನಾನು ಆವತ್ತು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

ಹಳ್ಳ ದಾಟಿ ಸ್ವಲ್ಪ ದೂರಕ್ಕೆ ಬಸ್ಸು ಕೆಮ್ಮಿ ನಿಂತಿತು. ಜನರೆಲ್ಲ ಅವನನ್ನೇ ನೋಡಿದರು. ಅವನು ಕೆಳಗಿಳಿದು ಹೋಗಿ ಜಾಲಿಗಿಡದ ನೆರಳಿಗೆ ಕೂತುಬಿಟ್ಟ.

"ಯಾಕೋ ಮೈಬೂ? ತೆಗಿಯಲ್ಲ?"

"ನಾ ಮುಟ್ಟೂದಿಲ್ರಿ ಅವ್ವಾರ. ನೀವ ತೆಗೀರಿ."

ಆಯಿ ಮೆತ್ತೆ ಎತ್ತಿದಳು. ಎರಡೂ ಕೈ ಹಚ್ಚಿ ಮುಚ್ಚಳ ತಿರುವಿದಳು. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು, ಅತ್ತೂ ಅತ್ತೂ ಉಸಿರು ಕಟ್ಟಿದ ಕೂಸು ಒಮ್ಮೆಲೇ ಎಳೆದುಕೊಳ್ಳುತ್ತದಲ್ಲ, ಹಾಗೆ. ಆಯಿ ಬೆಚ್ಚಿದಳು. ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹೆಬ್ಬೆರಳು ಅರಗಿನ ಮೇಲೆ ಬಂದು ನಿಂತಿತು.

ಪಕ್ಕದಲ್ಲಿ ಒಬ್ಬ ಹೆಂಗಸು ಮೂತಿಯಿರುವ ಮಣ್ಣಿನ ತತ್ರಾಣಿಯಿಂದ ಮಗುವಿಗೆ ನೀರು ಕುಡಿಸುತ್ತಿದ್ದಳು. ಆಯಿ ಅದನ್ನು ನೋಡಿದಳು. ಆಮೇಲೆ ಮೆಲ್ಲಗೆ, ತನಗೆ ತಾನೇ ಎಂಬಂತೆ ಅಂದಳು: "ತತ್ರಾಣಿ ಬಾಯಿ ಅಂಗೈಲೆ ಮುಚ್ಚಿ ಹಿಡದ್ರ ಮೂತ್ಯಾಗಿಂದ ನೀರು ಬೀಳೂದಿಲ್ಲ."

"ಹೌದ್ರಿ ಅವ್ವಾರ. ಆ ತೂತು ಗಾಡಿಗೆ ಉಸುರಾಡಾಕ ಬಿಟ್ಟದ್ರಿ."

"ಮತ್ತ ಈ ನಾತ?"

"ತುಂಬಿಸಿದ ಮ್ಯಾಲ ಬಿಸಲಿಗೆ ಒಳಗ ಉಬ್ಬತೈತ್ರಿ. ಮ್ಯಾಲ ಹೋಗಾಕ ದಾರಿ ಇಲ್ಲ. ಸಂದಿ ಹಿಡದು ಹೊರಗ ಬರತೈತಿ. ಪೆಟ್ರೋಲು ಕಡಿಮಿ ಬೀಳೂದೂ ಅದಕ್ಕ."

"ನೀ ಇದನ್ನ ಹೇಳಾಕ ಏನಾಗಿತ್ತೋ ಭಾಡ್ಯಾ?"

"ಹೇಳಾಕ ಬಂದಿದ್ನಿರಿ, ಯುಗಾದಿ ಅಮಾಸಿ ಮರುದಿನ."

ಆಯಿಗೆ ನೆನಪಾಯಿತು. ಅವಳ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಯಾರ ಎದುರೂ ಸೋಲದ ಹೆಂಗಸು ಆ ರಣಬಿಸಿಲಿನಲ್ಲಿ, ಅಷ್ಟು ಜನರ ನಡುವೆ, ಎರಡೂ ಕೈಯಲ್ಲಿ ಮುಚ್ಚಳ ಹಿಡಿದುಕೊಂಡು ಗಳಗಳ ಅತ್ತಳು. ನಾನೂ ಅತ್ತೆ. ಕಳ್ಳ ಎನಿಸಿಕೊಂಡರೂ ಸರಿ, ಅವ್ವಾರ ಪೂಜೆಯಿಂದ ಗಾಡಿ ಕೆಟ್ಟಿತು ಎಂದು ನಾಲ್ಕು ಜನರೆದುರು ಹೇಳಬಾರದು ಎಂದು ಆ ಮನುಷ್ಯ ಬೇಸಿಗೆಯಿಡೀ ಬಾಯಿ ಮುಚ್ಚಿಕೊಂಡಿದ್ದ.

ಆಯಿ ತಾನೇ ಜಾಲಿಯ ಮುಳ್ಳು ಮುರಿದು, ಅರಗು ಚುಚ್ಚಿ ಚುಚ್ಚಿ ತೆಗೆದಳು. ತೂತಿನಿಂದ ಆಕಾಶ ಕಾಣುವವರೆಗೆ ಬಿಡಲಿಲ್ಲ. ಸಿಂಧನೂರಿನಲ್ಲಿ ತೊಟ್ಟಿಲಿಗೆ ಹೋಗಿ ಕೂಸಿನ ಕೈಯಲ್ಲಿ ಕಾಸಿಟ್ಟು, ಹೋಳಿಗೆಯ ಎಲೆ ಬಿಟ್ಟೆದ್ದು, ಅದೇ ಬಸ್ಸಿನಲ್ಲಿ ತಿರುಗಿದಳು. ಅಂಗಳದಲ್ಲಿ ಮಂದಿ ಕಾಯುತ್ತಿದ್ದರು. ಆಯಿ ಇಳಿದವಳೇ ಅಪ್ಪನಿಗೆ ಹೇಳಿದಳು:

"ಅಲಾಯಿ ದೇವರ ಕಟ್ಟಿಗೆ ನನ್ನ ಕರಕೊಂಡು ನಡಿ. ನಿನ್ನ ಪೆಟ್ರೋಲು ಕದ್ದಾಕಿ ನಾನು."

ಎಲ್ಲ ಕೇಳಿದ ಮೇಲೆ ಅಪ್ಪ ಮೈಬೂಕಾಕಾನ ಕೈ ಹಿಡಿದುಕೊಂಡ. ಮೈಬೂಕಾಕಾನೇ "ಆತು ಬಿಡ್ರಿ ಸಾವ್ಕಾರ್ರ, ನಾತ ಹೋತಲ್ಲ" ಎಂದು ಸಮಾಧಾನ ಮಾಡಿದ.

ನಾತ ಹೋಯಿತು. ಮೈಬೂಕಾಕಾ ಮತ್ತೆ ಕಟ್ಟೆಗೆ ಬಂದು ರೊಟ್ಟಿ ತಿಂದ, ಆಯಿಯ ಜೊತೆ ಜಗಳಾಡಿದ. ಆದರೆ ಅಂದಿನಿಂದ ಪೆಟ್ರೋಲು ಹಾಕುವ ಮೊದಲು, ದಾರಿಯಲ್ಲಿ ಮುಚ್ಚಳ ಮುಟ್ಟುವ ಮೊದಲು, "ಯಾರರೆ ಒಬ್ಬರು ಬರ್ರಿ, ನಿಂತು ನೋಡ್ರಿ" ಎಂದು ಕರೆಯತೊಡಗಿದ. ಸಿಟ್ಟಿನಿಂದಲ್ಲ, ನಗುತ್ತಲೇ. ಆ ಕೂಗು ಕೇಳಿದಾಗಲೆಲ್ಲ ಆಯಿ ಮಾಡುತ್ತಿದ್ದ ಕೆಲಸ ಬಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಒಂದು ದಿನ ತಡೆಯಲಾರದೆ, "ಸಾಕು ಮಾಡೋ ಮೈಬೂ, ಕೈ ಮುಗೀತೀನಿ" ಎಂದಳು.

"ಇರ್ಲಿ ಬಿಡ್ರಿ ಅವ್ವಾರ, ರೂಢಿ ಆಗೈತಿ" ಎಂದ ಅವನು. ಆ ರೂಢಿ ಅವನು ಸ್ಟೇರಿಂಗು ಬಿಡುವವರೆಗೂ ಹೋಗಲಿಲ್ಲ. ಆಯಿಯ ಕೊರಗೂ ಅವಳು ಸಾಯುವವರೆಗೆ ಹೋಗಲಿಲ್ಲ.

ನಿಜಾಮರು ಹೋದರು, ಕಾಲುವೆ ಬಂತು, ಆ ಕರಿನೆಲವೆಲ್ಲ ಭತ್ತದ ಗದ್ದೆಯಾಯಿತು. ಮೊನ್ನೆ ಮೊಮ್ಮಗಳ ಕಾರಿನಲ್ಲಿ ಸಿಂಧನೂರಿಗೆ ಹೋಗುವಾಗ ದಾರಿಯಲ್ಲಿ ಪೆಟ್ರೋಲು ಹಾಕಿಸಿದೆವು. ಒಳಗೆ ಒಂದಿಷ್ಟೂ ವಾಸನೆ ಬರಲಿಲ್ಲ. ಪಂಪಿನ ಹುಡುಗಿ ಕೊಳವೆ ಎತ್ತಿಕೊಂಡು, ಮೀಟರಿಗೆ ಬೆರಳು ತೋರಿಸಿ, "ಮೇಡಂ, ಝೀರೋ ನೋಡ್ರಿ" ಎಂದಳು.

ನನಗೆ ಮೈಬೂಕಾಕಾನ ಕೂಗು ಕೇಳಿದಂತಾಯಿತು. ಮೊಮ್ಮಗಳು ಮೊಬೈಲಿನಿಂದ ತಲೆ ಎತ್ತದೆಯೇ "ಹ್ಞೂಂ" ಎಂದಳು. ಆ ಹುಡುಗಿಯ ಮುಖ ನೋಡಿದೆ. ಎಲ್ಲಿಯೂ ನೋವಿರಲಿಲ್ಲ.