ಓಗೊಟ್ಟಿದ್ದು ನಾನಲ್ಲ

ಇದು ನಡೆದದ್ದು. ಕಟ್ಟಿದ ಕತೆಯಾಗಿದ್ದರೆ ಅದರಲ್ಲಿ ನಾನು ಸ್ವಲ್ಪವಾದರೂ ಒಳ್ಳೆಯವನಾಗಿ ಕಾಣುವಂತೆ ಕಟ್ಟುತ್ತಿದ್ದೆ. ತನ್ನ ಮುಖಕ್ಕೆ ತಾನೇ ಮಸಿ ಬಳಿದುಕೊಳ್ಳುವ ಸುಳ್ಳನ್ನು ಯಾರೂ ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಅವಳು ಹೋದಳು. ಈಗ ನಿಮಗೆ ಹೇಳುತ್ತಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಬನವಾಸಿ ಕಡೆಯವನು. ಮ್ಯಾಟ್ರಿಕ್ ಮುಗಿಸಿ, ಅಪ್ಪನ ಅಂಗಡಿಯಲ್ಲಿ ಕೂರುವುದಿಲ್ಲ ಎಂದು ಜಗಳವಾಡಿ, ಒಂದು ಟೂರಿಂಗ್ ಟಾಕೀಸಿಗೆ ಸೇರಿಕೊಂಡಿದ್ದೆ. ಇಂಗ್ಲೀಷ್ ಚಿತ್ರ ಬಂದಾಗ ಪರದೆಯ ಪಕ್ಕ ನಿಂತು ಮೈಕಿನಲ್ಲಿ ಕನ್ನಡದಲ್ಲಿ ಕತೆ ಹೇಳುವುದು ನನ್ನ ಕೆಲಸ. ನನಗೆ ತಿಳಿಯುತ್ತಿದ್ದ ಇಂಗ್ಲೀಷ್ ಅಷ್ಟಕ್ಕಷ್ಟೆ. ಉಳಿದದ್ದನ್ನು ಬಾಯಿಗೆ ಬಂದಂತೆ ತುಂಬುತ್ತಿದ್ದೆ.

ಆ ವರ್ಷ ಭತ್ತ ಹಣ್ಣಾಗುವ ಹೊತ್ತಿಗೆ ನಮ್ಮ ಟೆಂಟು ಯಲ್ಲಾಪುರದಿಂದ ನಂದೊಳ್ಳಿಗೆ ಹೋಗುವ ದಾರಿಯ ಒಂದು ಬಯಲಿನಲ್ಲಿ ಎದ್ದಿತ್ತು. ಬಯಲಿನಾಚೆ ಸಣ್ಣ ಹಳ್ಳ. ಹಳ್ಳದಾಚೆ ಗದ್ದೆ. ಗದ್ದೆಯಾಚೆ ಕಾಡು.

ಬಂದ ಚಿತ್ರ ಒಂದು ಮೃಗದ್ದು. ಹಿಮದ ಅಡಿಯಲ್ಲಿ ಲಕ್ಷಾಂತರ ವರ್ಷ ಮಲಗಿದ್ದ ದೈತ್ಯಪ್ರಾಣಿ ಎದ್ದು ಬಂದು ಊರಿನವರನ್ನು ತಿನ್ನುವ ಕತೆ. ತೀರಾ ಬಡ ಚಿತ್ರ. ಕೆಲವು ಕಡೆ ಯಾರೋ ರಬ್ಬರಿನ ಚರ್ಮ ತೊಟ್ಟು ಕುಣಿಯುತ್ತಿದ್ದ. ಬೆನ್ನ ಮೇಲಿನ ಹೊಲಿಗೆ ಹಿಂದಿನ ಸಾಲಿಗೂ ಕಾಣುತ್ತಿತ್ತು. ಇನ್ನು ಕೆಲವು ಕಡೆ ಒಂದು ಉಡವನ್ನು ಹತ್ತಿರದಿಂದ ಹಿಡಿದು, ಅದರ ಬೆನ್ನಿಗೆ ಏನೋ ಮುಳ್ಳು ಅಂಟಿಸಿ, ಆಟಿಕೆ ಮನೆಗಳ ನಡುವೆ ಬಿಟ್ಟಿದ್ದರು. ಕಾಡಂಚಿನ ಜನಕ್ಕೆ ಉಡ ತೋರಿಸಿ ಹೆದರಿಸಲು ಆಗುತ್ತದೆಯೇ? ಟೆಂಟಿಗೆ ಟೆಂಟೇ ನಕ್ಕಿತು.

ಎಲ್ಲರಿಗಿಂತ ಹೆಚ್ಚು ನಕ್ಕವರು ಸುಬ್ರಾಯಣ್ಣ. ಹಳ್ಳದಾಚೆ ಕಾಡಿಗೆ ತಾಗಿದ ಕೊನೆಯ ಗದ್ದೆ ಅವರದು. ಐವತ್ತರ ಹತ್ತಿರದ ಒಂಟಿ ಮನುಷ್ಯ. ಆಟ ನೋಡಿ, ಅಲ್ಲಿಂದಲೇ ಹಂದಿ ಕಾಯಲು ಗದ್ದೆಯ ಮಾಳಕ್ಕೆ, ಕಂಬಗಳ ಮೇಲೆ ಕಟ್ಟಿದ ಕಾವಲು ಅಟ್ಟಕ್ಕೆ, ಹೋಗಿ ಏಣಿ ಹತ್ತುತ್ತಿದ್ದರು.

"ಎಂತ ತಮಾ, ಆ ಹೆಂಗಸು ಅಷ್ಟುದ್ದ ಮಾತಾಡಿತು. ನೀನು 'ಓಡಿ' ಹೇಳಿ ಒಂದೇ ಶಬ್ದದಲ್ಲಿ ಮುಗಿಸಿದ್ಯಲ."

"ಅವರ ಭಾಷೆನೇ ಹಂಗ್ರಿ, ಸುಬ್ರಾಯಣ್ಣ. ಭಾಳ ಉದ್ದ."

"ಉಡನೂ ಅವರಲ್ಲಿ ಉದ್ದನೇ ಕಾಣ್ತು."

ಎರಡನೆಯ ದಿನ ಟೆಂಟಿನಲ್ಲಿ ಅರ್ಧ ಜನ. ಮೂರನೆಯ ದಿನ ಅದರಲ್ಲೂ ಅರ್ಧ. ಮಾಲೀಕರು ಕುಮಟೆ ಕಡೆಯವರು, ಮೆದು ಮಾತಿನವರು. "ಟೆಂಟು ಬಿಚ್ಚುವ. ಮುಂದಿನ ಊರಿಗೆ ಕನ್ನಡ ಚಿತ್ರವೇ ಸಾಕು" ಎಂದರು. ಕನ್ನಡ ಚಿತ್ರಕ್ಕೆ ಕತೆ ಹೇಳುವವನು ಯಾಕೆ ಬೇಕು? ನಾನು ತಲೆ ತಗ್ಗಿಸಿ ಅಪ್ಪನ ಅಂಗಡಿಗೆ ವಾಪಸು ಹೋಗಬೇಕಿತ್ತು. ಅದೊಂದು ಆಗಬಾರದು ಅನ್ನಿಸಿತು. ಅಷ್ಟಕ್ಕೇ ನಾನು ಈ ಕೆಲಸ ಮಾಡಿದೆ.

ಹಾಲುವಾಣದ ಮೆದು ಮರದ ತುಂಡು ತಂದು ಪಾದ ಕೆತ್ತಿದೆ. ಮೂರು ಬೆರಳು, ಉದ್ದ ಉಗುರು, ಅಗಲ ಹಿಮ್ಮಡಿ. ನೆಲ ಬಡಿಯುವ ಪೆಟ್ಟಣೆಗಿರುವಂತೆ ಒಂದು ಹಿಡಿಕೆ. ಎರಡು ಕಾಲು ಕೆತ್ತುವ ತಾಳ್ಮೆ ಇರಲಿಲ್ಲ. ಎಡಗಾಲು ಮಾತ್ರ ಕೆತ್ತಿದೆ. ಆಟ ಮುಗಿದ ಮೇಲೆ ಹಳ್ಳದಂಚಿನ ಹಸಿ ಮಣ್ಣಿನಲ್ಲಿ ಮಾರುದ್ದಕ್ಕೊಂದರಂತೆ ಒತ್ತುತ್ತ ಹೋದೆ.

ಬೆಳಗಾಗುವುದರೊಳಗೆ ಸುದ್ದಿ ಯಲ್ಲಾಪುರ ಮುಟ್ಟಿತು. ಸಂಜೆ ಟೆಂಟು ತುಂಬಿತು. ಹಿಂದಿನ ದಿನ ಉಡವೆಂದು ನಕ್ಕವರೇ ಈಗ ಉಸಿರು ಬಿಗಿಹಿಡಿದು ಅದರ ಕಾಲನ್ನು ನೋಡಿದರು. ನಾನು ಮೈಕಿನಲ್ಲಿ ದನಿ ತಗ್ಗಿಸಿ, "ಇದು ಹಿಮದಲ್ಲಿ ಮಾತ್ರ ಇತ್ತು ಎಂದು ತಿಳಿಯಬೇಡಿ..." ಎಂದೆ. ಒಂದು ಮಗು ಅತ್ತಿತು. ನನಗೆ ಖುಷಿಯಾಯಿತು.

ಹೆಜ್ಜೆಗಳೆಲ್ಲ ಎಡಗಾಲಿನವೇ ಎಂದು ಗಮನಿಸಿದವರು ಸುಬ್ರಾಯಣ್ಣ ಒಬ್ಬರೇ. "ಪಾಪ, ಕುಂಟ್ತಾ ಬೈಂದು ಕಾಣ್ತು" ಎಂದು ನನ್ನ ಮುಖ ನೋಡಿ ನಕ್ಕರು. ನಾನು ಬೇರೆ ಕಡೆ ನೋಡಿದೆ.

ಗದ್ದೆ ಕಾಯುವವರಲ್ಲಿ ಒಂದು ಪದ್ಧತಿ ಇತ್ತು. ರಾತ್ರಿ ಒಂದು ಮಾಳದಿಂದ ಒಬ್ಬ ಕೂ ಹಾಕಿದರೆ ಪಕ್ಕದ ಮಾಳದವನು ಓಗೊಡಬೇಕು. ಓಗೊಟ್ಟರೆ, ನಾನಿದ್ದೇನೆ, ಎಚ್ಚರವಾಗಿದ್ದೇನೆ ಎಂದರ್ಥ. ಕೂ ಕೇಳಿಯೂ ಸುಮ್ಮನಿರುವುದು ಮನುಷ್ಯರು ಮಾಡುವ ಕೆಲಸವಲ್ಲ ಎನ್ನುತ್ತಿದ್ದರು. ನನ್ನ ಹೆಜ್ಜೆ ಮೂಡಿದ ಮೇಲೆ ಹೆದರಿದ ಜನ ಒಬ್ಬೊಬ್ಬರಾಗಿ ಮಾಳಕ್ಕೆ ಹೋಗುವುದು ಬಿಟ್ಟರು. ಕೊನೆಗೆ ಉಳಿದವರು ಸುಬ್ರಾಯಣ್ಣ ಮಾತ್ರ. ಅವರಿಗೆ ವರ್ಷದ ಊಟ ಆ ಗದ್ದೆಯೊಂದೇ.

"ತಮಾ, ಒಂದು ಉಪಕಾರ ಮಾಡು" ಎಂದರು ಒಂದು ಸಂಜೆ. ಆವತ್ತು ಅವರು ನಗುತ್ತಿರಲಿಲ್ಲ. "ಎಂಗೆ ಓಗೊಡುವವರು ಯಾರೂ ಇಲ್ಲೆ. ಆನು ಮಾಳದಿಂದ ಕೂ ಹಾಕ್ತೆ. ನೀನು ಟೆಂಟಿನಿಂದ ಓಗೊಡು. ಒಂದು ದನಿ ಕೇಳಿದ್ರೆ ಸಾಕು."

"ಆಯ್ತ್ರಿ" ಎಂದೆ. ಎರಡು ರಾತ್ರಿ ಓಗೊಟ್ಟೆ ಕೂಡ.

ಮೂರನೆಯ ರಾತ್ರಿ...

ಹೆಜ್ಜೆಗಳು ಹಳೆಯವಾಗಿದ್ದವು. ಹೊಸವನ್ನು ಮೂಡಿಸಬೇಕಿತ್ತು. ಎಲ್ಲರೂ ಮಲಗಿದ ಮೇಲೆ ಮರದ ಕಾಲನ್ನು ಗೋಣಿಚೀಲಕ್ಕೆ ಹಾಕಿಕೊಂಡು ಹಳ್ಳ ದಾಟಿದೆ. ಅರ್ಧ ಚಂದ್ರ. ಬಲಿತ ತೆನೆಯ ಬಿಸಿ ವಾಸನೆ. ಎಲ್ಲೆಡೆ ಜೀರುಂಡೆಯ ಸದ್ದು. ಒತ್ತುತ್ತ ಒತ್ತುತ್ತ ಸುಬ್ರಾಯಣ್ಣನ ಗದ್ದೆಯ ಹಾಳಿ, ಅಂದರೆ ಬದುವಿನ ತನಕ ಬಂದುಬಿಟ್ಟಿದ್ದೆ.

ಜೀರುಂಡೆ ನಿಂತಿತು.

ಒಂದೊಂದಾಗಿ ಅಲ್ಲ. ಯಾರೋ ಬಾಯಿ ಮುಚ್ಚಿದಂತೆ, ಎಲ್ಲವೂ ಒಟ್ಟಿಗೆ. ಆಮೇಲೆ ಒಂದು ವಾಸನೆ ಬಂತು. ಕೆರೆ ಬತ್ತಿದಾಗ ತಳದ ಕೆಸರಿನಿಂದ ಏಳುತ್ತದಲ್ಲ, ಹಾಗೆ. ಹಳೆಯದು, ತಣ್ಣಗಿನದು.

"ಕೂ... ಊ..."

ಮಾಳದ ಮೇಲಿನಿಂದ ಸುಬ್ರಾಯಣ್ಣ. ನನ್ನಿಂದ ಮೂವತ್ತು ಹೆಜ್ಜೆಯೂ ಇಲ್ಲ. ನಾನು ಬಾಯಿ ತೆರೆದೆ... ಮುಚ್ಚಿದೆ. ಇಲ್ಲಿಂದ ಓಗೊಟ್ಟರೆ, ಟೆಂಟಿನಲ್ಲಿರಬೇಕಾದವನು ಗದ್ದೆಯಲ್ಲೇನು ಮಾಡುತ್ತಿದ್ದೀ ಎಂದು ಕೇಳುವುದಿಲ್ಲವೇ?

"ಕೂ... ಊ..." ಈ ಸಲ ದನಿ ನಡುಗಿತ್ತು. "ಯಾರು ಅಲ್ಲಿ? ತಮಾ, ನೀನನ?"

ನಾನು ಉಸಿರು ಬಿಡಲಿಲ್ಲ.

ಏಣಿ ಕಿರುಗುಟ್ಟಿತು. ಅವರು ಇಳಿಯುತ್ತಿದ್ದರು. ಏಣಿಯ ಮೆಟ್ಟಿಲು ಮುರಿದ ಸದ್ದು. ಭಾರವಾದದ್ದು ನೆಲಕ್ಕೆ ಬಿದ್ದ ಸದ್ದು. ಆಮೇಲೆ ಒಂದು ನರಳಿಕೆ... ಮತ್ತೆ, ಬಿದ್ದಲ್ಲಿಂದಲೇ, ಸಣ್ಣಗೆ, "ಕೂ..."

ಹೋಗಬೇಕಿತ್ತು. ಮೂವತ್ತು ಹೆಜ್ಜೆ. ನನ್ನ ಕೈಯಲ್ಲಿ ಮರದ ಕಾಲಿತ್ತು. ಅದನ್ನು ಅಲ್ಲೇ ಬಿಟ್ಟು ಓಡಿದೆ. ಅವರ ಕಡೆಗಲ್ಲ. ಟೆಂಟಿನ ಕಡೆಗೆ.

ಹಳ್ಳದಲ್ಲಿ ಕಾಲಿಡುವಾಗ ಹಿಂದಿನಿಂದ ಒಂದು ಓ ಕೇಳಿತು. ಸುಬ್ರಾಯಣ್ಣನ ದನಿಯಲ್ಲ. ಉದ್ದನೆಯದು, ಕಾಡಿನ ಕಡೆಯದು. ನನಗೆ ಆಗ ಏನನ್ನಿಸಿತು ಗೊತ್ತೆ? ಸಮಾಧಾನ. ಯಾರೋ ಓಗೊಟ್ಟರಲ್ಲ, ಇನ್ನು ನಾನು ಹೋಗಬೇಕಾಗಿಲ್ಲ ಎಂದುಕೊಂಡೆ. ಟೆಂಟಿನೊಳಗೆ ಕಂಬಳಿ ಹೊದ್ದು, ಕಿವಿಗೆ ಬೆರಳಿಟ್ಟು ಮಲಗಿದೆ.

ಬೆಳಿಗ್ಗೆ ಕೂಗಾಟ ಕೇಳಿ ಎಲ್ಲರ ಜೊತೆ ಹೋದೆ. ಸುಬ್ರಾಯಣ್ಣ ಮಾಳದ ಬುಡದಲ್ಲಿ ಬಿದ್ದಿದ್ದರು. ತೊಡೆಯ ಮೂಳೆ ಮುರಿದಿತ್ತು. ಮೈಯೆಲ್ಲ ಇಬ್ಬನಿ. ನನ್ನನ್ನು ಕಂಡು ಕೈ ಎತ್ತಿದರು.

"ಇಂವ ಇಲ್ಲದಿದ್ರೆ ಆನು ಹೆದರಿಯೇ ಸಾಯ್ತಿದ್ದೆ" ಎಂದು ಜನರಿಗೆ ಹೇಳಿದರು. "ಬೆಳಗಿನವರೆಗೂ ಓಗೊಟ್ಟ. ಆನು ಕೂ ಹಾಕಿದಷ್ಟು ಸಲನೂ. ಮೃಗ ಓಡಾಡ್ತಿತ್ತು, ಎದುರಿಗೆ ಹೆಂಗೆ ಬತ್ತ? ಆದ್ರೂ ಬಿಟ್ಟು ಹೋಗ್ಲಿಲ್ಲೆ."

ಯಾರೋ ನನ್ನ ಬೆನ್ನು ತಟ್ಟಿದರು. ಮಾಲೀಕರ ಕಣ್ಣಲ್ಲಿ ನೀರು. ಅಲ್ಲ ಎನ್ನಲು ಅದೇ ಹೊತ್ತಾಗಿತ್ತು. ನನ್ನ ತಲೆ ತಾನಾಗಿಯೇ ಹೌದೆಂದು ಆಡಿತು.

ಆಗ ಕೆಳಗೆ ನೋಡಿದೆ. ಅವರು ಬಿದ್ದ ಜಾಗದ ಸುತ್ತ ಹೆಜ್ಜೆಗಳಿದ್ದವು. ಮೂರು ಬೆರಳು, ಉದ್ದ ಉಗುರು. ಸುತ್ತಿ ಸುತ್ತಿ ತೆನೆಯೆಲ್ಲ ನೆಲಕ್ಕೆ ಒರಗಿತ್ತು. ನಾನು ಒತ್ತಿದ್ದಕ್ಕಿಂತ ಗೇಣು ಆಳ.

ಎಡಗಾಲು, ಬಲಗಾಲು. ಎಡಗಾಲು, ಬಲಗಾಲು.

ಆ ರಾತ್ರಿ ಸುತ್ತಲಿನ ಗದ್ದೆಗಳನ್ನೆಲ್ಲ ಹಂದಿ ಉತ್ತು ಹಾಕಿತ್ತು. ಸುಬ್ರಾಯಣ್ಣನ ಗದ್ದೆಯೊಳಗೆ ಒಂದು ಹಂದಿಯೂ ಕಾಲಿಟ್ಟಿರಲಿಲ್ಲ. ನಾನು ಬಿಟ್ಟುಹೋದ ಮರದ ಕಾಲು ಎಲ್ಲಿಯೂ ಕಾಣಲಿಲ್ಲ. ವಾರದೊಳಗೆ ಕೆಲಸ ಬಿಟ್ಟು ಊರಿಗೆ ಬಂದೆ. ಅಪ್ಪನ ಅಂಗಡಿಯಲ್ಲೇ ಕೂತೆ.

ಹನ್ನೆರಡು ವರ್ಷದ ಮೇಲೆ, ಸುಬ್ರಾಯಣ್ಣ ಹಾಸಿಗೆ ಹಿಡಿದಿದ್ದಾರೆ ಎಂದು ಕೇಳಿ, ಎಲ್ಲ ಹೇಳಿಬಿಡುತ್ತೇನೆ ಎಂದು ಹೊರಟೆ. ಅವರ ಮನೆ ಮುಟ್ಟುವಾಗ ಕತ್ತಲಾಗುತ್ತಿತ್ತು. ಗೋಡೆಗೆ ಅವರ ಊರುಗೋಲು ಒರಗಿತ್ತು. ನಾನು ಮಾತು ಎತ್ತುವ ಮೊದಲೇ ಅವರೇ ಹೇಳಿದರು.

"ಆ ಮರದ ಕಾಲು ನಿಂದು ಹೇಳಿ ಗೊತ್ತಿದ್ದು, ತಮಾ. ಎನ್ನ ಅಣ್ಣನ ಮಗಂಗೆ ಸಿಕ್ಕಿತ್ತು. ಬಚ್ಚಲ ಒಲೆಗೆ ಹಾಕಿಸಿದೆ."

ನಾನು ಆ ಊರುಗೋಲಿನ ಕಡೆ ನೋಡಿದೆ.

"ಸಿಟ್ಟು ಬಂದಿತ್ತು. ಆದ್ರೆ ರಾತ್ರಿಯಿಡೀ ಓಗೊಟ್ಯಲ. ಅದಕ್ಕೇ ಯಾರ ಹತ್ರನೂ ಹೇಳಲಿಲ್ಲೆ."

ಓಗೊಟ್ಟಿದ್ದು ನಾನಲ್ಲ ಎನ್ನಲು ಹೋದವನು, ಅವರ ಮುಖದಲ್ಲಿದ್ದ ತೃಪ್ತಿ ನೋಡಿ ಸುಮ್ಮನಾದೆ. ಅವರಿಗೆ ನೋವಾಗದಿರಲಿ ಎಂದು ಸುಮ್ಮನಾದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು.

"ಒಂದು ಸಲ ಕೂ ಹಾಕು, ಆ ದನಿ ಕೇಳ್ತೆ" ಎಂದರು.

ಬಾಗಿಲಿಗೆ ಹೋಗಿ ಗದ್ದೆಯ ಕಡೆ ಮುಖ ಮಾಡಿ ಕೂ ಹಾಕಿದೆ. ತಿರುಗಿ ನೋಡಿದರೆ ಅವರ ಮುಖ ಬದಲಾಗಿತ್ತು.

"ಇದಲ್ಲ" ಎಂದರು.

ಅಷ್ಟರಲ್ಲಿ ಹೊರಗೆ ಜೀರುಂಡೆ ನಿಂತಿತು. ಗದ್ದೆಯಾಚೆಯ ಕಾಡಿನಿಂದ ಓ ಬಂತು. ಉದ್ದನೆಯದು. ಹನ್ನೆರಡು ವರ್ಷದ ಹಿಂದೆ ಹಳ್ಳ ದಾಟುವಾಗ ಕೇಳಿದ್ದೇ.

ಸುಬ್ರಾಯಣ್ಣನ ಮುಖ ಸಡಿಲಾಯಿತು. "ಹಾಂ... ಇದು" ಎಂದು ಕಣ್ಣು ಮುಚ್ಚಿದರು. "ಕರೀತಾ ಇದ್ದು. ಎನ್ನ ಹತ್ರ ಆಗ್ತಿಲ್ಲೆ. ನೀನು ಓಗೊಡು, ತಮಾ."

ಇನ್ನೊಮ್ಮೆ ಓ ಬಂತು. ಈ ಸಲ ಹತ್ತಿರದಿಂದ. ಕೆರೆಯ ತಳದ ಆ ವಾಸನೆ ಬಾಗಿಲ ತನಕ ಬಂದಿತ್ತು.

"ಓಗೊಡು" ಎಂದರು ಮತ್ತೆ.

ನಾನು ಬಾಗಿಲು ಹಾಕಿ, ಅಗಳಿ ಜಡಿದೆ.