ಏರುತ್ತ ಹೋಗುವ ಸೋಬಾನೆ

ನಮ್ಮ ಸೋದರಮಾವನಿಗೆ ಎರಡು ಹುಚ್ಚು. ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ತಟ್ಟೆ ಇಡ್ಲಿ ತಿನ್ನುವುದು ಒಂದು; ರಾಮನಗರದ ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡುವುದು ಇನ್ನೊಂದು. ಅದರಲ್ಲಿದ್ದ ಎಡಿಟಿಂಗ್ ಸಾಫ್ಟ್‌ವೇರ್ ಆಗಲೇ ಓಬೀರಾಯನ ಕಾಲದ್ದು. ಯಾರಿಂದಲೋ ತಂದ ಶ್ರುತಿ ತಿದ್ದುವ ಪ್ಲಗಿನ್ ಒಂದನ್ನು ಅದಕ್ಕೆ ಸೇರಿಸಿದ್ದ. ಇಡೀ ಹಾಡನ್ನು ಒಟ್ಟಿಗೆ ತಿದ್ದಲು ಹೋದರೆ ಕಂಪ್ಯೂಟರ್ ನಿಂತೇ ಹೋಗುತ್ತಿತ್ತು; ತುಂಡು ತುಂಡಾಗಿಯೇ ತಿದ್ದಬೇಕು.

ಅಕ್ಕನ ಮದುವೆ ಗೊತ್ತಾದ ಹೊತ್ತಿಗೇ ಅಮ್ಮನಿಗೆ ಗಂಟಲಿನ ಆಪರೇಷನ್ ಆಗಬೇಕೆಂದರು. ದನಿ ಮೊದಲಿನಂತೆ ಬರುವುದು ಅನುಮಾನ ಅಂದರು ಡಾಕ್ಟರು. ಊರ ಮದುವೆಗಳಲ್ಲೆಲ್ಲ ಸೋಬಾನೆ ಎತ್ತಿಕೊಡುತ್ತಿದ್ದವಳು ಅಮ್ಮ. ಅವಳು ಒಂದು ಸಾಲು ಹಾಡಿದರೆ ಉಳಿದ ಹೆಂಗಸರು ಸೊಲ್ಲು ಸೇರಿಸುತ್ತಿದ್ದರು. ಮಗಳ ಮದುವೆಗೇ ಹಾಡುವಂತಿಲ್ಲವಲ್ಲ ಎಂದು ಅತ್ತಳು. ಮಾವ ಆಪರೇಷನ್ನಿಗೆ ಮೊದಲೇ ಅವಳನ್ನು ಮೈಕಿನ ಮುಂದೆ ಕೂರಿಸಿ, ಸೊಲ್ಲಿಗೆ ಜಾಗ ಬಿಟ್ಟು ಹಾಡಿಸಿಕೊಂಡ. ಆಗಲೇ ಗಂಟಲು ಒಡೆದು ದನಿ ಅಲ್ಲಲ್ಲಿ ಜಾರುತ್ತಿತ್ತು.

ಆಪರೇಷನ್ ಆಗಿ ಮನೆಗೆ ಬಂದವಳಿಗೆ ಮಾವ ತಿದ್ದಿದ ಹಾಡು ಕೇಳಿಸಿದ. ಅಮ್ಮ ಪಿಸುದನಿಯಲ್ಲೇ ರೇಗಿದಳು.

“ಯಾರ್ಲಾ ಇವ್ಳು? ಚನ್ನಪಟ್ಣದ ಗೊಂಬೆ ಬಾಯ್ಬುಟ್ಟಂಗೈತೆ!”

“ಒಸಿ ತಾಳಕ್ಕ, ಸರಿ ಮಾಡ್ಕೊಡ್ತೀನಿ,” ಅಂದ ಮಾವ.

ತಪ್ಪು ಅವನಿಗೆ ಹೊಳೆದಿತ್ತು. ನಮ್ಮ ಹೆಂಗಸರು ಸೋಬಾನೆ ಹಾಡುತ್ತ ಹಾಡುತ್ತ ಹುರುಪೇರಿ, ನುಡಿಯಿಂದ ನುಡಿಗೆ ಶ್ರುತಿಯನ್ನೂ ಏರಿಸುತ್ತಾರೆ. ಮಾವ ಮೊದಲ ನುಡಿಯ ಶ್ರುತಿಯನ್ನೇ ಎಲ್ಲ ತುಂಡುಗಳಿಗೂ ಕೊಟ್ಟಿದ್ದ. ಏರಿದ ದನಿಯನ್ನು ಪ್ಲಗಿನ್ ಜುಟ್ಟು ಹಿಡಿದು ಕೆಳಕ್ಕೆ ಎಳೆದಿತ್ತು. ಸೇವ್ ಮಾಡಿದೊಡನೆ ಹಳೆಯದನ್ನು ಅಳಿಸಿಬಿಡುವ ಸಾಫ್ಟ್‌ವೇರ್ ಅದು. ಪುಣ್ಯಕ್ಕೆ ಮೂಲ ಹಾಡು ಒಂದು ಸಿ.ಡಿ.ಯಲ್ಲಿ ಉಳಿದಿತ್ತು, ಇಲ್ಲದಿದ್ದರೆ ಅಮ್ಮನ ದನಿ ಅಲ್ಲಿಗೇ ಮುಗಿಯುತ್ತಿತ್ತು.

ರಜೆ ಸಿಕ್ಕಾಗಲೆಲ್ಲ ಮಾವ ಕೂತ. ಒಂದೊಂದು ನುಡಿಯನ್ನೂ ಕೇಳಿ, ಅದರದೇ ಶ್ರುತಿ ಹುಡುಕಿ, ಗಂಟಲು ಕೈಕೊಟ್ಟ ಅಕ್ಷರಗಳನ್ನಷ್ಟೇ ತಿದ್ದಿದ. ಕಂಪ್ಯೂಟರ್ ನಿಂತರೆ ಬೈಯದೆ ಮತ್ತೆ ಶುರು ಮಾಡುತ್ತಿದ್ದ. ನಾನಾಗಿದ್ದರೆ ಅದನ್ನು ಎತ್ತಿ ಅರ್ಕಾವತಿ ಹೊಳೆಗೆ ಎಸೆಯುತ್ತಿದ್ದೆ. ಅವನಂಥ ತಾಳ್ಮೆಯ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ.

ಮದುವೆಯ ದಿನ ಚಪ್ಪರದಲ್ಲಿ ಹಾಡು ಹಾಕಿದ. ಮೊದಲ ಸಾಲು ಮುಗಿದಾಗ ಹೆಂಗಸರು ಅಮ್ಮನ ಮುಖ ನೋಡಿದರು. ಎರಡನೆಯ ಸಾಲಿಗೆ ಸೊಲ್ಲು ಬಂತು. ನುಡಿ ನುಡಿಗೂ ಸ್ಪೀಕರಿನ ದನಿ ಏರಿತು, ಜೊತೆಗೇ ಅವರದೂ ಏರಿತು, ಎಲ್ಲೂ ಬೇರೆಯಾಗಲಿಲ್ಲ. ಅಕ್ಕ ಹಸೆಮಣೆಯ ಮೇಲೆ ಕೂತು ಅಳುತ್ತಿದ್ದಳು. ಹೆಂಗಸರ ನಡುವೆ ಅಮ್ಮ, ಸದ್ದೇ ಹೊರಡದ ಗಂಟಲಲ್ಲಿ, ತನ್ನ ಹಾಡಿಗೆ ತಾನೇ ಸೊಲ್ಲು ಹೇಳುತ್ತಿದ್ದಳು.